ಒಂದನೇ ತರಗತಿಯ ಕಲಿಕೆ, ಮನೆಯ ಪಾಲು

ಒಂದನೇ ತರಗತಿಗೆ ಕಾಲಿಡುವ ಮಗುವಿಗೆ ಸುಮಾರು ಆರು ವರ್ಷ. 2009ರ ಶಿಕ್ಷಣ ಹಕ್ಕು ಕಾಯ್ದೆ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಲೆಕ್ಕ ಹಿಡಿಯುವುದೂ ಈ ವಯಸ್ಸಿನಿಂದಲೇ. ಅಷ್ಟು ಹೊತ್ತಿಗೆ ಮಗುವಿಗೆ ಮಾತು ಚೆನ್ನಾಗಿ ಬಂದಿರುತ್ತದೆ. ಮನೆಮಂದಿಯ ಮಾತು ತಿಳಿಯುತ್ತದೆ, ಬೇಕಾದ್ದನ್ನು ಹಟ ಹಿಡಿದು ಕೇಳುತ್ತದೆ, ಅಜ್ಜಿ ಹೇಳಿದ ಕಥೆಯನ್ನು ತನ್ನ ಮನಸ್ಸಿಗೆ ಬಂದಂತೆ ತಿರುಚಿ ಇನ್ನೊಬ್ಬರಿಗೆ ಹೇಳುತ್ತದೆ. ಎರಡು ಲಾಡುಗಳಿಗಿಂತ ಮೂರು ಹೆಚ್ಚು ಎಂಬುದೂ ಗೊತ್ತು. ಗೊತ್ತಿಲ್ಲದಿರುವುದು ಬರಹ. ಆಡುವ ಮಾತನ್ನು ಗೆರೆಗಳಲ್ಲಿ ಹಿಡಿದಿಡಬಹುದು, ಎಣಿಸಿದ್ದನ್ನು ಅಂಕಿಯಲ್ಲಿ ತೋರಿಸಬಹುದು ಎಂಬುದನ್ನು ಮಗುವಿಗೆ ಮನಗಾಣಿಸುವುದೇ ಒಂದನೇ ತರಗತಿಯ ಇಡೀ ವರ್ಷದ ಕೆಲಸ.

ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಈ ತರಗತಿಗೆ ಕನ್ನಡ, ಗಣಿತ, ಪರಿಸರ ಅಧ್ಯಯನ ಮತ್ತು ಇಂಗ್ಲಿಷ್ ಇವೆ. ಇಂಗ್ಲಿಷನ್ನು ಒಂದನೇ ತರಗತಿಯಿಂದಲೇ ಒಂದು ಭಾಷೆಯಾಗಿ ಕಲಿಸುವುದು 2007-08ರಲ್ಲಿ ಶುರುವಾಯಿತು. ಇತ್ತ ಆಂಗ್ಲ ಮಾಧ್ಯಮದ ಖಾಸಗಿ ಶಾಲೆಗಳೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕೆಂದು 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಹೇಳುತ್ತದೆ. ಹೀಗಾಗಿ ಶಾಲೆ ಯಾವುದೇ ಇರಲಿ, ರಾಜ್ಯದ ಮಗು ಶಾಲೆಯ ಮೊದಲ ದಿನಗಳಲ್ಲೇ ಎರಡು ಲಿಪಿಗಳ ಮುಖ ನೋಡುತ್ತದೆ. ಇದು ಸಣ್ಣ ಹೊರೆಯಲ್ಲ.

ಅಪ್ಪ ಅಮ್ಮಂದಿರ ಆತಂಕ ಶುರುವಾಗುವುದು ಸಾಮಾನ್ಯವಾಗಿ ಗಣೇಶನ ಹಬ್ಬದ ಸುಮಾರಿಗೆ. ಶಾಲೆ ತೆರೆದು ಮೂರು ತಿಂಗಳಾದರೂ ಮಗುವಿಗೆ ಅ ಆ ಇ ಈ ಪೂರ್ತಿ ಬರುವುದಿಲ್ಲ, ಪುಸ್ತಕದ ತುಂಬ ಚಿತ್ರಗಳೇ ಇವೆ, ತರಗತಿಯಲ್ಲಿ ಬರೀ ಹಾಡು ಆಟ ನಡೆಯುತ್ತದೆ ಎಂಬುದು ಅವರ ದೂರು. ತಾವು ಸ್ಲೇಟಿನ ಮೇಲೆ ವರ್ಣಮಾಲೆ ತಿದ್ದಿ, ಆಮೇಲೆ ಕಾಗುಣಿತ ಉರುಹೊಡೆದು, ಕೊನೆಗೆ ಪದ ಓದಿದ ಕ್ರಮವನ್ನೇ ಅವರು ಮಗುವಿನ ಪುಸ್ತಕದಲ್ಲಿ ಹುಡುಕುತ್ತಾರೆ. ಈಗಿನ ಕ್ರಮ ಬೇರೆ. ಅದು ಏಕೆ ಬೇರೆಯಾಯಿತೆಂದು ತಿಳಿದರೆ ಅರ್ಧ ಆತಂಕ ಕಳೆಯುತ್ತದೆ.

ಮೊದಲ ಮೂರು ತಿಂಗಳು ಬಹುಪಾಲು ಶಾಲಾ ಸಿದ್ಧತೆಗೆ ಮೀಸಲು. ಎನ್‌ಸಿಇಆರ್‌ಟಿ 2021ರಲ್ಲಿ ಹೊರತಂದ 'ವಿದ್ಯಾ ಪ್ರವೇಶ' ಎಂಬ ಮೂರು ತಿಂಗಳ ಕಾರ್ಯಕ್ರಮದ ಉದ್ದೇಶವೇ ಇದು. ಕೆಲವು ಮಕ್ಕಳು ಅಂಗನವಾಡಿಯಿಂದ ಬಂದಿರುತ್ತಾರೆ, ಕೆಲವರು ಎಲ್‌ಕೆಜಿ, ಯುಕೆಜಿ ಮುಗಿಸಿರುತ್ತಾರೆ, ಇನ್ನು ಕೆಲವರು ಮನೆಯಂಗಳದಿಂದ ನೇರವಾಗಿ ಬಂದವರು. ಇವರೆಲ್ಲರನ್ನೂ ಒಂದು ಹದಕ್ಕೆ ತರಬೇಕು. ಆದ್ದರಿಂದ ಈ ದಿನಗಳಲ್ಲಿ ಅಭಿನಯ ಗೀತೆ, ಕಥೆ, ಮಣ್ಣಿನಲ್ಲಿ ಆಕಾರ ಮಾಡುವುದು, ಕಾಗದ ಹರಿದು ಅಂಟಿಸುವುದು, ಮಣಿ ಪೋಣಿಸುವುದು, ಬಣ್ಣ ಆಕಾರಗಳನ್ನು ಗುಂಪು ಮಾಡುವುದು ನಡೆಯುತ್ತದೆ. ಮಣಿ ಪೋಣಿಸುವ ಬೆರಳೇ ಮುಂದೆ ಪೆನ್ಸಿಲ್ ಹಿಡಿಯಬೇಕು. 'ಗಿಣಿ' ಮತ್ತು 'ಗಿಡ' ಎರಡೂ ಒಂದೇ ಸದ್ದಿನಿಂದ ಶುರುವಾಗುತ್ತವೆ ಎಂದು ಗುರುತಿಸುವ ಕಿವಿಗೆ ಮುಂದೆ 'ಗಿ' ಎಂಬ ಗುರುತು ಬೇಗ ಹತ್ತುತ್ತದೆ. ಆಟದಂತೆ ಕಂಡರೂ ಇದು ಪಾಠವೇ.

ಇದರ ಮುಂದಿನ ದಾರಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 'ನಲಿಕಲಿ' ಎಂಬ ಪದ್ಧತಿಯದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಇದು ಆರಂಭವಾಯಿತು. ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಯ ಪ್ರಯೋಗವನ್ನು ನೋಡಿ ಬಂದ ಶಿಕ್ಷಕರು, ಅದನ್ನು ನಮ್ಮ ಹಳ್ಳಿ ಶಾಲೆಗೆ ಒಗ್ಗಿಸಿ, ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ತಾವೇ ಒಡೆದರು. ಮೇಲಿನಿಂದ ಇಳಿದ ಆದೇಶವಾಗಿ ಅಲ್ಲ, ತರಗತಿಯಲ್ಲಿ ನಿಂತು ಪಾಡುಪಟ್ಟವರ ಕೈಯಿಂದ ಈ ಪದ್ಧತಿ ರೂಪುಗೊಂಡಿತೆಂಬುದು ನೆನಪಿಡಬೇಕಾದ ಸಂಗತಿ. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗಳಿಗೆ ಹಬ್ಬಿತು, ಮುಂದೆ ಮೂರನೇ ತರಗತಿಯನ್ನೂ ಒಳಗೊಂಡಿತು.

ನಲಿಕಲಿ ಕೊಠಡಿಯಲ್ಲಿ ಬೆಂಚಿನ ಸಾಲುಗಳಿಲ್ಲ. ಒಂದರಿಂದ ಮೂರನೇ ತರಗತಿಯ ಮಕ್ಕಳು ಬೆರೆತು, ಗುಂಪು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಈ ಗುಂಪುಗಳಿಗೆ ಶಾಲೆಯಲ್ಲಿ 'ತಟ್ಟೆ' ಎನ್ನುವುದು ರೂಢಿ. ಒಂದು ತಟ್ಟೆಯ ಮಕ್ಕಳಿಗೆ ಶಿಕ್ಷಕರ ಪೂರ್ಣ ಸಹಾಯ ಬೇಕು, ಇನ್ನೊಂದಕ್ಕೆ ಅಷ್ಟಿಷ್ಟು ಸಾಕು, ಮತ್ತೊಂದರಲ್ಲಿ ಗೆಳೆಯರೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ, ಮಗದೊಂದರಲ್ಲಿ ಮಗು ತಾನೇ ಅಭ್ಯಾಸ ಮಾಡುತ್ತದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟಕುವಂತೆ ಕಪ್ಪು ಹಲಗೆ, ಮೇಲೆ ದಾರ ಎಳೆದು ಕಟ್ಟಿದ ಚಪ್ಪರದಲ್ಲಿ ಮಕ್ಕಳ ಚಿತ್ರ, ಕರಕುಶಲ ತೂಗಾಡುತ್ತಿರುತ್ತವೆ. ಗೋಡೆಯ ಮೇಲಿನ 'ಕಲಿಕಾ ಏಣಿ'ಯಲ್ಲಿ ಯಾವ ಕಾರ್ಡಿನ ನಂತರ ಯಾವುದು ಎಂಬ ಕ್ರಮ ಚಿಹ್ನೆಗಳಲ್ಲಿದೆ. ಓದಲು ಬಾರದ ಮಗುವೂ ಚಿಹ್ನೆ ನೋಡಿ ತನ್ನ ಮೆಟ್ಟಿಲು ಹುಡುಕಿಕೊಂಡು, ಕಾರ್ಡು ತೆಗೆದುಕೊಂಡು, ಸರಿಯಾದ ತಟ್ಟೆಗೆ ಹೋಗಿ ಕೂರುತ್ತದೆ. ಜ್ವರ ಬಂದು ಎಂಟು ದಿನ ರಜೆ ಹಾಕಿದ ಮಗು ಮರಳಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಪಾಠ ತಪ್ಪಿಹೋಯಿತೆಂಬ ಭಯವಿಲ್ಲ. ಕೂಲಿಗಾಗಿ ಊರೂರು ತಿರುಗುವ ಕುಟುಂಬಗಳ ಮಕ್ಕಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಅಕ್ಷರ ಕಲಿಸುವ ಕ್ರಮವನ್ನು ಹತ್ತಿರದಿಂದ ನೋಡಬೇಕು. ನಲಿಕಲಿಯಲ್ಲಿ ಮೊದಲು ಬರುವುದು ಅ ಆ ಇ ಈ ಅಲ್ಲ; ರ, ಗ, ಸ, ದ, ಅ ಎಂಬ ಐದು ಅಕ್ಷರ. ಈ ಐದು ಬಂದರೆ ಸಾಕು, ಮಗು ಸರ, ರಸ, ಅರಸ, ಅಗಸ, ಗರಗಸ ಎಂದು ಓದಬಲ್ಲದು. ಕಾಗುಣಿತದ ಗೊಡವೆಯಿಲ್ಲ, ಒತ್ತಕ್ಷರದ ಕಾಟವಿಲ್ಲ, ಆದರೂ ಓದಿದ್ದು ಅರ್ಥವಿರುವ ಪದ. ಮುಂದಿನ ಗುಂಪು ಜ, ವ, ಮ, ಬ, ನ. ಈಗ ಮರ, ಮಗ, ಜನ, ದನ, ಬಸವ ಸೇರಿದವು. 'ಅರಸನ ಸರ', 'ಬಸವನ ಮಗ' ಎಂದು ಎರಡು ಪದ ಜೋಡಿಸಿ ಓದಲೂ ಬಂತು. ಇಷ್ಟಕ್ಕೆ ಬೇಕಾದದ್ದು ಹತ್ತೇ ಅಕ್ಷರ. ವರ್ಣಮಾಲೆಯ ಕ್ರಮದಲ್ಲಿ ಹೋದ ಮಗು ಮೊದಲ ಹತ್ತು ಅಕ್ಷರ ಕಲಿತಾಗ ಅದರ ಕೈಯಲ್ಲಿರುವುದು ಸ್ವರಗಳು ಮಾತ್ರ. ಅವುಗಳಿಂದ ಓದುವಂಥ ಪದ ಬಹುಮಟ್ಟಿಗೆ ಹುಟ್ಟುವುದೇ ಇಲ್ಲ. ವರ್ಣಮಾಲೆ ಉಚ್ಚಾರಣೆಯ ಸ್ಥಾನ ನೋಡಿ ಪಂಡಿತರು ಜೋಡಿಸಿದ ಸೊಗಸಾದ ವ್ಯವಸ್ಥೆ, ಅದನ್ನೂ ಮಗು ಮುಂದೆ ಕಲಿಯುತ್ತದೆ. ಆರು ವರ್ಷದ ಮಗುವಿಗೆ ಮೊದಲು ಬೇಕಿರುವುದು ಓದಿದೆನೆಂಬ ಸಂತೋಷ.

ಕನ್ನಡ ಲಿಪಿ ನಿಯಮಬದ್ಧವಾದದ್ದು, ಬರೆದಂತೆ ಓದಬಹುದು. ಹಾಗೆಂದು ಅದು ಸುಲಭದ ತುತ್ತಲ್ಲ. ಮೂಲ ಅಕ್ಷರಗಳು ಐವತ್ತರ ಆಸುಪಾಸು ಇದ್ದರೂ, ಪ್ರತಿ ವ್ಯಂಜನಕ್ಕೂ ಗುಣಿತಾಕ್ಷರಗಳ ಒಂದು ಸಾಲಿದೆ, ಅದರ ಮೇಲೆ ಒತ್ತಕ್ಷರಗಳಿವೆ. ಹೀಗೆ ಮಗುವಿನ ಕಣ್ಣು ಗುರುತಿಸಬೇಕಾದ ಆಕಾರಗಳ ಸಂಖ್ಯೆ ನೂರುಗಳಲ್ಲಿ ಬೆಳೆಯುತ್ತದೆ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಷ ಒಂದು ಸಣ್ಣ ಗೆರೆಯಿಂದ ಬೇರೆಯಾಗುತ್ತವೆ. 'ಮ' ಮತ್ತು 'ವು' ದೊಡ್ಡವರಿಗೂ ಒಮ್ಮೊಮ್ಮೆ ಮೋಸ ಮಾಡುತ್ತವೆ. ಒತ್ತಕ್ಷರಗಳಲ್ಲಿ ಹಲವು ತಮ್ಮ ಮೂಲ ಅಕ್ಷರವನ್ನೇ ಹೋಲುತ್ತವೆ, ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತು ರೂಪಗಳಿಗೂ ಮೂಲಕ್ಕೂ ಸಂಬಂಧವೇ ಕಾಣುವುದಿಲ್ಲ. ಮಗು ಮೊಟ್ಟಮೊದಲು ಆಡುವ 'ಅಮ್ಮ' ಎಂಬ ಮಾತನ್ನು ಅಕ್ಷರ ಕೂಡಿಸಿ ಓದಲು ತಡವಾಗುವುದು ಇದೇ ಕಾರಣಕ್ಕೆ. ಕನ್ನಡ ಮಕ್ಕಳ ಓದಿನ ಬಗ್ಗೆ ವರ್ಷಗಟ್ಟಲೆ ಅಧ್ಯಯನ ನಡೆಸಿದ ಸೋನಾಲಿ ನಾಗ್ ತೋರಿಸಿರುವಂತೆ, ಅಕ್ಷರಗಳ ಮೇಲಿನ ಪೂರ್ತಿ ಹಿಡಿತ ಒಂದೆರಡು ವರ್ಷಕ್ಕೆ ಬರುವಂಥದ್ದಲ್ಲ, ಪ್ರಾಥಮಿಕ ಶಾಲೆಯ ಮುಂದಿನ ತರಗತಿಗಳವರೆಗೂ ಅದು ಬೆಳೆಯುತ್ತಲೇ ಇರುತ್ತದೆ. ಇಪ್ಪತ್ತಾರು ಅಕ್ಷರದ ಇಂಗ್ಲಿಷನ್ನು ಪಕ್ಕದಲ್ಲಿಟ್ಟು, ಎ ಬಿ ಸಿ ಡಿ ಮುಗಿದರೂ ಕನ್ನಡ ಮುಗಿಯಲಿಲ್ಲವೆಂದು ಮಗುವನ್ನು ಗದರುವುದು ಅನ್ಯಾಯ. ಇಂಗ್ಲಿಷಿನಲ್ಲಿ ಅಕ್ಷರ ಬೇಗ ಮುಗಿಯುತ್ತದೆ, ಸ್ಪೆಲಿಂಗಿನ ಪಾಡು ಆಮೇಲೆ ಬರುತ್ತದೆ. ಕನ್ನಡದಲ್ಲಿ ಶ್ರಮವೆಲ್ಲ ಮೊದಲಿಗೇ ಇದೆ.

ಗಣಿತದಲ್ಲಿ ಅಂಕಿಗಿಂತ ಮೊದಲು ಹೋಲಿಕೆ ಬರುತ್ತದೆ: ದೊಡ್ಡದು ಚಿಕ್ಕದು, ಮೇಲೆ ಕೆಳಗೆ, ಹೆಚ್ಚು ಕಡಿಮೆ, ಒಳಗೆ ಹೊರಗೆ. ಆಮೇಲೆ 1ರಿಂದ 9, ಸೊನ್ನೆ, ಹತ್ತು, ಇಪ್ಪತ್ತರವರೆಗಿನ ಸಂಖ್ಯೆಗಳು, ಕೂಡುವುದು, ಕಳೆಯುವುದು, ಕೊನೆಗೆ 99ರವರೆಗೆ. ಇವುಗಳ ನಡುವೆ ಆಕಾರ, ಅಳತೆ, ನಾಣ್ಯ ನೋಟು, ದಿನದ ಹೊತ್ತು, ಬಳೆ ಗೆಜ್ಜೆಗಳ ವಿನ್ಯಾಸದಂಥ ಮರುಕಳಿಸುವ ಮಾದರಿಗಳೂ ಸೇರಿರುತ್ತವೆ. ಇಲ್ಲಿನ ನಿಜವಾದ ಗಂಟು ಹತ್ತರಲ್ಲಿದೆ. ನೂರರವರೆಗೆ ಪಟಪಟನೆ ಹೇಳುವ ಮಗುವಿಗೆ ಹದಿನಾಲ್ಕು ಹುಣಸೆ ಬೀಜ ತೆಗೆದಿಡು ಎಂದರೆ ಬಾಯಿ ಒಂದು ಹೇಳುತ್ತದೆ, ಬೆರಳು ಇನ್ನೊಂದರ ಮೇಲಿರುತ್ತದೆ. ಬಾಯಿಪಾಠ ಬಂದಿದೆ, ಎಣಿಕೆ ಬಂದಿಲ್ಲ ಎಂದು ತಿಳಿಯಬೇಕು. ಇಪ್ಪತ್ತೊಂದನ್ನು 201 ಎಂದು ಬರೆಯುವುದು ಈ ವಯಸ್ಸಿನಲ್ಲಿ ತೀರ ಸಾಮಾನ್ಯ. ಮಗು ಕಿವಿಗೆ ಕೇಳಿದ್ದನ್ನು ಹಾಗೆಯೇ ಬರೆದಿದೆ: ಮೊದಲು ಇಪ್ಪತ್ತು, ಆಮೇಲೆ ಒಂದು. ಹತ್ತು ಕಡ್ಡಿಗಳಿಗೆ ರಬ್ಬರ್‌ಬ್ಯಾಂಡ್ ಹಾಕಿ ಎರಡು ಕಟ್ಟು, ಪಕ್ಕಕ್ಕೊಂದು ಬಿಡಿ ಕಡ್ಡಿ ಇಟ್ಟು ತೋರಿಸಿದರೆ 2 ಮತ್ತು 1 ಎಲ್ಲಿ ಕೂರಬೇಕೆಂಬುದು ಕಣ್ಣಿಗೇ ಕಾಣುತ್ತದೆ. ಈ ಕಟ್ಟು-ಬಿಡಿ ಕಲ್ಪನೆ ಒಂದನೇ ತರಗತಿಯಲ್ಲಿ ಗಟ್ಟಿಯಾಗದಿದ್ದರೆ, ಎರಡನೇ ತರಗತಿಯಲ್ಲಿ ದಶಕ ತರುವುದೂ ಕೊಡುವುದೂ ಮಂತ್ರದಂತೆ ಕಂಠಪಾಠವಾಗಿ ಉಳಿಯುತ್ತದೆ.

ಕನ್ನಡದ ಎಣಿಕೆ ಇಲ್ಲಿ ಮಗುವಿಗೆ ನೆರವಾಗುತ್ತದೆ. ಇಪ್ಪತ್ತರ ಮೇಲೆ ಹೆಸರುಗಳೆಲ್ಲ ಹತ್ತುಗಳು ಮೊದಲು, ಬಿಡಿ ಆಮೇಲೆ ಎಂಬ ಒಂದೇ ಕ್ರಮದಲ್ಲಿವೆ. ಬರೆಯುವ ಕ್ರಮವೂ ಅದೇ. ಮನೆಯಲ್ಲಿ ಉರ್ದು ಅಥವಾ ಮರಾಠಿ ಆಡುವ ಮಗುವಿಗೆ ನೂರರವರೆಗಿನ ಹೆಸರುಗಳನ್ನು ಹೆಚ್ಚುಕಡಿಮೆ ಒಂದೊಂದಾಗಿ ನೆನಪಿಡಬೇಕಾಗುತ್ತದೆ. ಹತ್ತೊಂಬತ್ತು ಮತ್ತು ತೊಂಬತ್ತರ ಗೊಂದಲವೊಂದನ್ನು ಬಿಟ್ಟರೆ ಕನ್ನಡದ ಮಗುವಿಗೆ ಈ ಹೊರೆ ಕಡಿಮೆ.

ಪರಿಸರ ಅಧ್ಯಯನದ ಪಾಠಗಳು ಮೈ ಕೈ, ಮನೆ, ಕುಟುಂಬ, ಊಟ, ನೀರು, ಗಿಡ, ಪ್ರಾಣಿ ಇಷ್ಟರ ಸುತ್ತಲೇ ಇವೆ. ಪರೀಕ್ಷೆಗೆ ಉತ್ತರ ಬರೆಯಿಸುವ ವಿಷಯ ಇದಲ್ಲ. ನೋಡುವುದು, ನೋಡಿದ್ದನ್ನು ಹೇಳುವುದು, ಏಕೆಂದು ಕೇಳುವುದು ಇಷ್ಟೇ ಇಲ್ಲಿನ ಪಾಠ. ಇಂಗ್ಲಿಷ್ ಕೂಡ ಈ ಹಂತದಲ್ಲಿ ಕಿವಿ ಮತ್ತು ಬಾಯಿಯ ವಿಷಯ. ಪುಟ್ಟ ಪುಟ್ಟ ಸೂಚನೆ ಅರ್ಥವಾಗಬೇಕು, ಹೆಸರು ಹೇಳಿಕೊಳ್ಳಬೇಕು, ಕಂಡ ವಸ್ತುಗಳನ್ನು ಗುರುತಿಸಬೇಕು.

ವರ್ಷದ ಕೊನೆಗೆ ಎಷ್ಟು ಬರಬೇಕು? 2021ರ ಜುಲೈ 5ರಂದು ಆರಂಭವಾದ ನಿಪುಣ್ ಭಾರತ್ ಕಾರ್ಯಕ್ರಮ ಇದಕ್ಕೊಂದು ಸ್ಪಷ್ಟ ಗುರಿ ಇಟ್ಟಿದೆ. ಒಂದನೇ ತರಗತಿಯ ಮಗು ತನ್ನ ವಯಸ್ಸಿಗೆ ತಕ್ಕ, ಮೊದಲು ನೋಡಿರದ ಬರಹದಲ್ಲಿ ನಾಲ್ಕೈದು ಸರಳ ಪದಗಳ ವಾಕ್ಯಗಳನ್ನು ಅರ್ಥಮಾಡಿಕೊಂಡು ಓದಬೇಕು. 99ರವರೆಗೆ ಸಂಖ್ಯೆ ಓದಿ ಬರೆಯಬೇಕು. ಸರಳವಾಗಿ ಕೂಡಿ ಕಳೆಯಬೇಕು. ಅಷ್ಟೇ. ನಿಮಿಷಕ್ಕೆ 45ರಿಂದ 60 ಪದ ಓದುವುದು ಎರಡನೇ ತರಗತಿಯ ಗುರಿ. 'ಮೊದಲು ನೋಡಿರದ' ಎಂಬ ಮಾತಿಗೆ ಗಮನ ಕೊಡಬೇಕು. ಪಾಠದ ಪದ್ಯವನ್ನು ಪುಸ್ತಕ ತಲೆಕೆಳಗಾಗಿ ಹಿಡಿದು ಒಪ್ಪಿಸುವ ಮಕ್ಕಳಿದ್ದಾರೆ. ಅದು ನೆನಪಿನ ಶಕ್ತಿ, ಓದಲ್ಲ. ಹೊಸ ವಾಕ್ಯವೊಂದನ್ನು ತಡವರಿಸುತ್ತಲೇ ಓದಿ, ಏನಾಯಿತೆಂದು ಹೇಳುವ ಮಗು ನಿಜವಾಗಿ ಓದುತ್ತಿದೆ.

ಈಗ ಮನೆಯ ಪಾಲು. ಒಂದು ಮಾತನ್ನು ಮೊದಲೇ ಹೇಳಬೇಕು: ಒಂದು, ಎರಡನೇ ತರಗತಿಯ ಮಕ್ಕಳಿಗೆ ಮನೆಗೆಲಸ ಕೊಡಬಾರದೆಂದು ರಾಜ್ಯ ಸರ್ಕಾರದ 2019ರ ಆದೇಶ ಹೇಳಿದೆ. ಅವರ ಶಾಲಾ ಚೀಲದ ತೂಕ ಒಂದೂವರೆಯಿಂದ ಎರಡು ಕಿಲೋ ದಾಟಬಾರದೆಂದೂ ಅದೇ ಆದೇಶದಲ್ಲಿದೆ. ಎರಡನೇ ತರಗತಿವರೆಗೆ ಮನೆಗೆಲಸ ಬೇಡವೆಂದು 2020ರ ರಾಷ್ಟ್ರೀಯ ಶಾಲಾ ಚೀಲ ನೀತಿಯೂ ಹೇಳುತ್ತದೆ. ಆದರೂ ಸಂಜೆಯಾದರೆ ಎಷ್ಟೋ ಮನೆಗಳಲ್ಲಿ ಆರು ವರ್ಷದ ಮಗು ನಾಲ್ಕು ಪುಟ ಕಾಪಿ ಬರೆಯುತ್ತ, ಕಣ್ಣೀರು ಒರೆಸಿಕೊಳ್ಳುತ್ತ ಕೂತಿರುತ್ತದೆ. 'ರ' ಎಂದು ನೂರು ಸಲ ಬರೆದ ಮಗುವಿನ ಕೈ ಹತ್ತನೇ ಸಲಕ್ಕೆ ಸೋತಿರುತ್ತದೆ. ಉಳಿದ ತೊಂಬತ್ತು ಸಲ ಅದು ಬರೆಯುವುದು ಅಕ್ಷರವಲ್ಲ, ಬರೀ ಗೆರೆ. ಮನೆಯು ಇನ್ನೊಂದು ತರಗತಿಕೋಣೆಯಾಗುವುದರಿಂದ ಮಗುವಿಗೆ ಲಾಭವಿಲ್ಲ. ಶಾಲೆಗೆ ಕೊಡಲು ಕಷ್ಟವಾದದ್ದು ಮನೆಯಲ್ಲಿ ಧಾರಾಳವಾಗಿದೆ: ಒಂದೇ ಮಗುವಿನ ಜೊತೆ ಬಿಡುವಾಗಿ ಆಡುವ ಮಾತು.

ಓದಿನ ತಳಪಾಯವೇ ಮಾತು. ಗೊತ್ತಿರದ ಪದವನ್ನು ಅಕ್ಷರ ಕೂಡಿಸಿ ಓದಿದರೂ ಅರ್ಥ ಹೊಳೆಯುವುದಿಲ್ಲ. 'ಗರಗಸ' ಎಂದು ಓದಿದ ಮಗು ಬಡಗಿಯ ಕೈಯಲ್ಲಿ ಅದನ್ನು ಕಂಡಿದ್ದರೆ ಮುಖ ಅರಳುತ್ತದೆ, ಕಾಣದಿದ್ದರೆ ಅದು ನಾಲ್ಕು ಸದ್ದು ಮಾತ್ರ. ಅಡುಗೆ ಮಾಡುವಾಗ, ಹೊಲಕ್ಕೆ ಹೋಗುವಾಗ, ಸಂತೆಯಲ್ಲಿ, ಬಸ್ಸಿನಲ್ಲಿ ಕಂಡದ್ದರ ಹೆಸರು ಹೇಳುವುದು, ಮಗು ಕೇಳಿದ್ದಕ್ಕೆ ಉತ್ತರಿಸುವುದು, ಉತ್ತರ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಹುಡುಕುವುದು ಇವೇ ದೊಡ್ಡ ಸಹಾಯ. "ಇವತ್ತು ಸ್ಕೂಲಲ್ಲಿ ಏನು ಕಲ್ಸಿದ್ರು?" ಎಂದು ಕೇಳಿದರೆ ಬರುವ ಉತ್ತರ "ಏನೂ ಇಲ್ಲ" ಎಂದೇ. "ಇವತ್ತು ಯಾರ ಪಕ್ಕ ಕೂತಿದ್ದೆ? ಯಾವ ಹಾಡು ಹೇಳಿದ್ರಿ? ಒಂಚೂರು ನಂಗೂ ಹೇಳ್ಕೊಡು" ಎಂದರೆ ಮಾತು ಹೊರಡುತ್ತದೆ. ಮಗು ಗುರುವಾಗಿ, ಅಮ್ಮ ಶಿಷ್ಯೆಯಾದಾಗ ಕಲಿತದ್ದು ಎರಡು ಪಟ್ಟು ಗಟ್ಟಿಯಾಗುತ್ತದೆ.

ಇದಕ್ಕೆ ಓದು ಬರಹ ಬಂದಿರಲೇಬೇಕೆಂದಿಲ್ಲ. "ನಮಗೇ ಅಕ್ಷರ ಬರಲ್ಲ, ಮಗೀಗೆ ಏನು ಹೇಳ್ಕೊಡೋಣ" ಎಂದು ಹಿಂಜರಿಯುವ ತಂದೆತಾಯಿಯರ ಬಳಿ ಒಗಟು, ಗಾದೆ, ಜೋಗುಳ, ಬೀಸುವ ಪದ, ಕಾಗೆ-ಗುಬ್ಬಿಯ ಕಥೆಗಳ ಭಂಡಾರವಿದೆ. ಪ್ರಾಸವಿರುವ ಹಾಡು ಕೇಳಿದ ಕಿವಿ ಸದ್ದುಗಳನ್ನು ಬಿಡಿಸುವುದನ್ನು ತಾನಾಗಿ ಕಲಿಯುತ್ತದೆ. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಮಕ್ಕಳಿಗಾಗಿ ಬರೆದ ಪದ್ಯಗಳು ಇಂದಿಗೂ ನಾಲಿಗೆಯ ಮೇಲೆ ಕುಣಿಯುವುದು ಈ ಗುಣದಿಂದಲೇ. ಕಥೆ ಹೇಳುವಾಗ ನಡುವೆ ನಿಲ್ಲಿಸಿ "ಆಮೇಲೇನಾಯ್ತು ಹೇಳು ನೋಡೋಣ" ಎಂದರೆ ಮಗು ಊಹಿಸುತ್ತದೆ. ಚೆನ್ನಾಗಿ ಓದುವವರೆಲ್ಲರೂ ಓದುತ್ತಲೇ ಮಾಡುವ ಕೆಲಸ ಇದು.

ಅಕ್ಷರ ಬಲ್ಲ ಮನೆಗಳಲ್ಲಿ ದಿನಕ್ಕೆ ಹತ್ತು ಹದಿನೈದು ನಿಮಿಷ ಮಗುವಿಗೆ ಗಟ್ಟಿಯಾಗಿ ಓದಿ ಹೇಳಿದರೆ ಅದರ ಫಲ ಯಾವ ಟ್ಯೂಷನ್ನೂ ಕೊಡದು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪದದ ಕೆಳಗೆ ಬೆರಳಾಡಿಸುತ್ತ ಓದಬೇಕು. ಅದೇ ಪುಸ್ತಕವನ್ನು ಮತ್ತೆ ಮತ್ತೆ ಓದೆಂದು ಮಗು ಪೀಡಿಸಿದರೆ ಬೇಸರಿಸಬಾರದು. ಪ್ರತಿ ಸಲವೂ ಅದು ಹೊಸದೊಂದನ್ನು ಗಮನಿಸುತ್ತಿರುತ್ತದೆ. ಪುಸ್ತಕ ಕೊಳ್ಳಲು ಹಣವಿಲ್ಲವೆಂಬುದು ಈಗ ಅಷ್ಟು ದೊಡ್ಡ ಅಡ್ಡಿಯಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ, ಓದಿನ ಹಂತಕ್ಕೆ ತಕ್ಕಂತೆ ವಿಂಗಡವೂ ಆಗಿವೆ. ನ್ಯಾಷನಲ್ ಬುಕ್ ಟ್ರಸ್ಟಿನ ಮಕ್ಕಳ ಪುಸ್ತಕಗಳು ಕಡಿಮೆ ಬೆಲೆಯವು. ಗ್ರಾಮ ಪಂಚಾಯಿತಿ ಗ್ರಂಥಾಲಯವಿದ್ದ ಊರಿನಲ್ಲಿ ವಾರಕ್ಕೊಮ್ಮೆ ಅಲ್ಲಿಗೆ ಮಗುವಿನ ಕೈ ಹಿಡಿದು ಹೋಗಬಹುದು.

ಪುಸ್ತಕವಿಲ್ಲದ ಮನೆಯಲ್ಲೂ ಬರಹವಿದೆ. ಹಾಲಿನ ಪ್ಯಾಕೆಟ್ಟಿನ ಮೇಲೆ ನಂದಿನಿ ಎಂದಿದೆ, ಗೋಡೆಯಲ್ಲಿ ಕ್ಯಾಲೆಂಡರಿದೆ, ಬಸ್ಸಿಗೆ ಊರಿನ ಬೋರ್ಡಿದೆ. "ಈ ಬೋರ್ಡಲ್ಲಿ ನಿನ್ನ ಹೆಸರಿನ ಅಕ್ಷರ ಎಲ್ಲಿದೆ ಹುಡುಕು" ಎಂದರೆ ಬಸ್ಸು ಕಾಯುವ ಹೊತ್ತು ಪಾಠವಾಗುತ್ತದೆ. ಬರವಣಿಗೆಗೂ ಹೀಗೆಯೇ ಕಾರಣ ಬೇಕು. ಅಂಗಡಿಯ ಚೀಟಿಯಲ್ಲಿ 'ಬೆಲ್ಲ' ಎಂಬುದನ್ನು ಮಗು ಒತ್ತಕ್ಷರ ಬಿಟ್ಟು 'ಬೆಲ' ಎಂದು ಬರೆದರೂ ಚಿಂತೆಯಿಲ್ಲ; ಆ ಚೀಟಿ ಹಿಡಿದು ಹೋದಾಗ ಬೆಲ್ಲ ಸಿಕ್ಕಿತೆಂದರೆ ಬರಹಕ್ಕೆ ಬೆಲೆಯಿದೆಯೆಂದು ಮಗುವಿಗೆ ತಿಳಿಯಿತು. ಒತ್ತು ಮುಂದಿನ ವರ್ಷ ಬರುತ್ತದೆ. ಕೆಂಪು ಶಾಯಿಯಲ್ಲಿ ತಪ್ಪು ಸುತ್ತುವುದಕ್ಕಿಂತ, ಪಕ್ಕದಲ್ಲಿ ಸರಿಯಾದ ರೂಪ ಬರೆದು ತೋರಿಸಿದರೆ ಸಾಕು. ಎಡಗೈಯಲ್ಲಿ ಬರೆಯುವ ಮಗುವನ್ನು ಬಲಗೈಗೆ ಬದಲಿಸುವ ಬಲವಂತ ಇನ್ನೂ ಕೆಲವು ಮನೆಗಳಲ್ಲಿದೆ. ಅದನ್ನು ಬಿಡಲೇಬೇಕು.

ಲೆಕ್ಕಕ್ಕಂತೂ ನಮ್ಮ ಮನೆಗಳಲ್ಲಿ ಕೊರತೆಯಿಲ್ಲ. ಊಟಕ್ಕೆ ಐದು ಜನ, ತಟ್ಟೆ ಮೂರಿವೆ, ಇನ್ನೆಷ್ಟು ಬೇಕು ಎಂಬುದು ಕಳೆಯುವ ಲೆಕ್ಕ. ಅವರೆಕಾಳು, ಹುರುಳಿಕಾಳು ಬೆರೆತದ್ದನ್ನು ಬೇರ್ಪಡಿಸುವುದು ವರ್ಗೀಕರಣ. ಚೌಕಾಬಾರದಲ್ಲಿ ನಾಲ್ಕು ಕವಡೆ ಎಸೆದು, ಎಷ್ಟು ಅಂಗಾತ ಬಿದ್ದವೆಂದು ಒಂದೊಂದಾಗಿ ಎಣಿಸದೆ ಒಂದೇ ನೋಟಕ್ಕೆ ಹೇಳುವ ಮಗುವಿನಲ್ಲಿ ಸಂಖ್ಯೆಯ ಅರಿವು ಬೇರೂರುತ್ತಿದೆ. ಆಮೇಲೆ ಮನೆ ಎಣಿಸುತ್ತ ಕಾಯಿ ನಡೆಸುವಾಗ ಒಂದು ಸಂಖ್ಯೆಗೆ ಒಂದೇ ಹೆಜ್ಜೆ ಎಂಬ ನಿಯಮ ಕೈಗೆ ಹತ್ತುತ್ತದೆ. ಕರಾವಳಿಯ ಚೆನ್ನೆಮಣೆ, ಬಯಲುಸೀಮೆಯ ಅಳಗುಳಿಮಣೆ ಆಡುವ ಮಗು ಏಳು ಗುಳಿಗಳ ಎರಡು ಸಾಲಿನಲ್ಲಿ ಕಾಳು ಹಂಚುತ್ತ, ಕೊನೆಯ ಕಾಳು ಎಲ್ಲಿ ಬೀಳುತ್ತದೆಂದು ಮುಂಚೆಯೇ ಅಂದಾಜು ಕಟ್ಟುತ್ತದೆ. ಅಜ್ಜಿ ಜೊತೆ ಅರ್ಧ ಗಂಟೆ ಈ ಆಟ ಆಡಿದರೆ, ಮೊಬೈಲಿನಲ್ಲಿ ಸಂಖ್ಯೆಗಳ ವಿಡಿಯೊ ನೋಡುವುದರಿಂದ ಆಗದ ಕಲಿಕೆ ಆಗುತ್ತದೆ. ಆಟದಲ್ಲಿ ಮಗು ತಾನೇ ಎಣಿಸಬೇಕು, ವಿಡಿಯೊ ಎಣಿಸಿ ಕೊಟ್ಟುಬಿಡುತ್ತದೆ.

ಮನೆಮಾತು ಕನ್ನಡವಲ್ಲದ ಮಕ್ಕಳ ಸಂಗತಿ ಪ್ರತ್ಯೇಕ ಗಮನ ಬೇಡುತ್ತದೆ. ತುಳು, ಕೊಂಕಣಿ, ಬ್ಯಾರಿ, ಕೊಡವ, ಉರ್ದು, ತೆಲುಗು, ತಮಿಳು, ಮರಾಠಿ, ಲಂಬಾಣಿ ಆಡುವ ಮನೆಗಳು ರಾಜ್ಯದಲ್ಲಿ ಅಸಂಖ್ಯ. ಮಗುವಿಗೆ ಕನ್ನಡವೋ ಇಂಗ್ಲಿಷೋ ಬೇಗ ಬರಲಿ ಎಂದು ಮನೆಮಾತು ಬಿಟ್ಟುಬಿಡುವ ತಂದೆತಾಯಿಯರಿದ್ದಾರೆ. ಇದರಿಂದ ಎರಡೂ ಕೆಡುತ್ತವೆ. ಸಾಧ್ಯವಾದೆಡೆ ಕನಿಷ್ಠ ಐದನೇ ತರಗತಿವರೆಗೆ ಮನೆಮಾತು ಅಥವಾ ಮಾತೃಭಾಷೆಯಲ್ಲೇ ಕಲಿಕೆ ನಡೆಯಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವುದಕ್ಕೆ ಕಾರಣವಿದೆ: ಮಗು ಯೋಚಿಸುವುದು ಬಲ್ಲ ಭಾಷೆಯಲ್ಲಿ. ಅಮ್ಮ ತುಳುವಿನಲ್ಲಿ ಸೊಗಸಾಗಿ ಕಥೆ ಹೇಳಿದರೆ ಆ ಮಗು ಶಾಲೆಯಲ್ಲಿ ಕನ್ನಡದ ಕಥೆಯನ್ನೂ ಬೇಗ ಹಿಡಿಯುತ್ತದೆ. ದೊಡ್ಡವರು ತಮಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಎರಡು ಮಾತಾಡಿ ನಿಲ್ಲಿಸುವುದಕ್ಕಿಂತ, ಬರುವ ಭಾಷೆಯಲ್ಲಿ ಇನ್ನೂರು ಮಾತಾಡುವುದು ಮೇಲು.

ಕಲಿಕೆಗೆ ಮೈಯೂ ಸಿದ್ಧವಾಗಿರಬೇಕು. ಆರು ವರ್ಷದ ಮಗುವಿಗೆ ಕನಿಷ್ಠ ಒಂಬತ್ತು ಗಂಟೆ ನಿದ್ದೆ ಬೇಕು. ರಾತ್ರಿ ಧಾರಾವಾಹಿ ಮುಗಿಯುವವರೆಗೆ ಎದ್ದಿರುವ ಮಗು ಬೆಳಿಗ್ಗೆ ಪ್ರಾರ್ಥನೆಯಲ್ಲೇ ತೂಕಡಿಸುತ್ತದೆ. ಜಾತ್ರೆ, ಮದುವೆಗಳಿಗೆ ವಾರಗಟ್ಟಲೆ ಶಾಲೆ ಬಿಡಿಸುವುದು ಒಂದನೇ ತರಗತಿಯಲ್ಲಿ ಏನೂ ಆಗುವುದಿಲ್ಲವೆಂಬ ನಂಬಿಕೆಯಿಂದ. ನಲಿಕಲಿಯಲ್ಲಿ ಬಿಟ್ಟ ಮೆಟ್ಟಿಲಿನಿಂದ ಮುಂದುವರಿಯಬಹುದು ನಿಜ, ಆದರೆ ನಿಲ್ಲುತ್ತ ನಿಲ್ಲುತ್ತ ಹೋದ ಮಗು ವರ್ಷದ ಕೊನೆಗೆ ಏಣಿಯ ಅರ್ಧದಲ್ಲಿರುತ್ತದೆ.

ಕೆಲವು ತೊಡಕುಗಳು ತಾವಾಗಿ ಸರಿಹೋಗುತ್ತವೆ. 3, 7ರಂಥ ಅಂಕಿಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದು, ಪದಗಳ ನಡುವೆ ಜಾಗ ಬಿಡದಿರುವುದು, ಅಲ್ಪಪ್ರಾಣ ಮಹಾಪ್ರಾಣ ಕಲಸುವುದು ಈ ವಯಸ್ಸಿಗೆ ಸಹಜ. ಬೋರ್ಡಿನ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡುವುದು, ಹಿಂದಿನಿಂದ ಕರೆದರೆ ಓಗೊಡದಿರುವುದು, ಮೇಲಿಂದ ಮೇಲೆ ತಲೆನೋವೆನ್ನುವುದು ಕಂಡರೆ ಮಾತ್ರ ತಡಮಾಡದೆ ಕಣ್ಣು, ಕಿವಿ ಪರೀಕ್ಷಿಸಬೇಕು. ದಡ್ಡನೆಂದು ಹಣೆಪಟ್ಟಿ ಹಚ್ಚಿಸಿಕೊಂಡ ಮಗುವಿಗೆ ಬೇಕಾಗಿದ್ದದ್ದು ಒಂದು ಕನ್ನಡಕ ಎಂಬುದು ಶಿಕ್ಷಕರು ಮೇಲಿಂದ ಮೇಲೆ ಕಾಣುವ ಸಂಗತಿ. ವರ್ಷ ಮುಗಿಯುತ್ತ ಬಂದರೂ ದಿನವೂ ನೋಡುವ ಹತ್ತು ಅಕ್ಷರಗಳಲ್ಲಿ ಮೂರೂ ಗುರುತು ಸಿಗದಿದ್ದರೆ, ಐದಾರು ವಸ್ತುಗಳನ್ನು ಎಣಿಸಲಾಗದಿದ್ದರೆ ಶಿಕ್ಷಕರೊಂದಿಗೆ ಕೂತು ಮಾತಾಡಬೇಕು, ಅವರು ಹೇಳಿದರೆ ವೈದ್ಯರಿಗೂ ತೋರಿಸಬೇಕು. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿ ಹೀಯಾಳಿಸುವುದರಿಂದ ಯಾವ ಮಗುವೂ ಒಂದಕ್ಷರ ಹೆಚ್ಚು ಕಲಿತದ್ದಿಲ್ಲ.

ಸರ್ಕಾರಿ ಶಾಲೆಗಳಲ್ಲಿ ನಡೆಯುವ 'ಸಮುದಾಯದತ್ತ ಶಾಲೆ' ಕಾರ್ಯಕ್ರಮ ಮಗುವಿನ ಕಲಿಕೆಯನ್ನು ತಂದೆತಾಯಿ ಕಣ್ಣಾರೆ ನೋಡಲೆಂದೇ ಇದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಎಂದರೆ ಕಟ್ಟಡ ರಿಪೇರಿ, ಕಾಂಪೌಂಡಿನ ಲೆಕ್ಕ ಮಾತ್ರವಲ್ಲ, ಮಕ್ಕಳು ಓದುತ್ತಿದ್ದಾರೆಯೇ ಎಂದು ಕೇಳುವ ಹಕ್ಕೂ ಅದಕ್ಕಿದೆ. ಖಾಸಗಿ ಶಾಲೆಗಳಲ್ಲಿ ಪೋಷಕರ ಸಭೆ ನಡೆಯುತ್ತದೆ. ಅಲ್ಲಿ ರ‍್ಯಾಂಕು, ಮಾರ್ಕ್ಸು ಕೇಳಿ ಬರುವುದಕ್ಕಿಂತ ಮೂರು ಪ್ರಶ್ನೆ ಕೇಳಬಹುದು: ಮಗು ಈಗ ಕಲಿಕೆಯ ಯಾವ ಹಂತದಲ್ಲಿದೆ, ಎಲ್ಲಿ ತಡವರಿಸುತ್ತಿದೆ, ಮನೆಯಲ್ಲಿ ಏನು ಮಾಡಿದರೆ ಅನುಕೂಲ. ಒಂದು ದಿನದ ಕೂಲಿ ಹೋದರೂ ಸರಿ, ಅಂಗಡಿಯ ಬಾಗಿಲು ಅರ್ಧ ದಿನ ಹಾಕಿದರೂ ಸರಿ, ಆ ಸಭೆಯನ್ನು ಅಪ್ಪ ಅಮ್ಮ ಇಬ್ಬರೂ ತಪ್ಪಿಸಬಾರದು.